ಬೀದರ್ ಸೀಮೆಯ ಮನೆನೆಲ: ಫರಸಿ ಮತ್ತು ವಿನೈಲ್ ಹಾಸು

ಮನೆಯ ನೆಲಕ್ಕೆ ಹಾಸುವ ವಿನೈಲ್ ಬಿಲ್ಲೆ ಬೀದರ್ ಜಿಲ್ಲೆಯ ಊರುಗಳಿಗೆ ತಡವಾಗಿ ಬಂದ ವಸ್ತು. ವ್ಯಾಪಾರದಲ್ಲಿ ಇದರ ಹೆಸರು ಲಕ್ಸುರಿ ವಿನೈಲ್ ಟೈಲ್, ಚುಟುಕಾಗಿ ಎಲ್‌ವಿಟಿ. ಪಿವಿಸಿ ಪ್ಲಾಸ್ಟಿಕ್ಕಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಗಟ್ಟಿ ಹಾಳೆಯಾಗಿ ಒತ್ತುತ್ತಾರೆ. ಅದರ ಮೇಲೆ ಮರದ ಅಥವಾ ಕಲ್ಲಿನ ಚಿತ್ರವಿರುವ ಪೊರೆ, ಪೊರೆಯ ಮೇಲೆ ಸವೆತ ತಡೆಯುವ ಪಾರದರ್ಶಕ ಪದರ, ಕೊನೆಗೆ ಕಲೆ ಹತ್ತದಂತೆ ತೆಳ್ಳನೆಯ ಪಾಲಿಯುರಿಥೇನ್ ಲೇಪ. ಒಟ್ಟು ದಪ್ಪ 2ರಿಂದ 8 ಮಿ.ಮೀ. ಹಲಗೆಯ ಆಕಾರದಲ್ಲೂ ಚೌಕದಲ್ಲೂ ಸಿಗುತ್ತದೆ. ಪೇಟೆಯ ಅಂಗಡಿಗಳಲ್ಲಿ ಸುರುಳಿಯಿಂದ ಬಿಚ್ಚಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಹೂವಿನ ಮ್ಯಾಟ್ ಇದರ ಬಡ ನೆಂಟ. ಅದನ್ನು ಹಾಸಿ ಎರಡೇ ವರ್ಷದಲ್ಲಿ ಹರಿದುಹೋದದ್ದನ್ನು ಕಂಡವರು ವಿನೈಲ್ ಎಂದರೆ ಅಷ್ಟೇ ಎಂದು ತೀರ್ಮಾನಿಸುವುದುಂಟು. ಅದು ಸರಿಯಲ್ಲ. ಆದರೆ ಮಾರಾಟದ ಹಾಳೆಗಳಲ್ಲಿ ಅಚ್ಚಾಗುವ ಗುಣಗಳ ಪಟ್ಟಿಯನ್ನು ಹಾಗೆಯೇ ಒಪ್ಪುವುದೂ ಸರಿಯಲ್ಲ.

ನೆಲಹಾಸಿನ ಒಳ್ಳೆಯದು ಕೆಟ್ಟದ್ದು ಅದು ಬೀಳುವ ಜಾಗವನ್ನು ಅವಲಂಬಿಸಿದೆ. ತಂಪು ದೇಶಗಳಲ್ಲಿ ಮೆಚ್ಚುಗೆ ಪಡೆದ ಬೆಚ್ಚನೆಯ ಗುಣವೇ ಏಪ್ರಿಲ್ ತಿಂಗಳ ಔರಾದಿನಲ್ಲಿ ಬೇಡವಾಗಬಹುದು. ಆದ್ದರಿಂದ ಬೀದರ್, ಭಾಲ್ಕಿ, ಔರಾದ್ ಸೀಮೆಯ ಮಣ್ಣು, ಕಲ್ಲು, ಬಿಸಿಲು ಮತ್ತು ಮನೆವಾರ್ತೆಯನ್ನು ಎದುರಿಗಿಟ್ಟುಕೊಂಡು ಇಲ್ಲಿ ಈ ಹಾಸನ್ನು ಪರಿಶೀಲಿಸಲಾಗಿದೆ.

ಮಣ್ಣು ಮತ್ತು ಹಳೆಯ ನೆಲಗಳು

ಬೀದರ್ ನಗರ ಇರುವುದು ಕೆಂಪುಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಪ್ರಸ್ಥಭೂಮಿಯ ಮೇಲೆ. ಸಮುದ್ರಮಟ್ಟದಿಂದ ಎತ್ತರ 650 ಮೀಟರಿಗೂ ಹೆಚ್ಚು. ಕೋಟೆಯ ಮೂರು ಪಟ್ಟಿನ ಕಂದಕವನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲು ನೀರನ್ನು ಬೇಗ ಕೆಳಕ್ಕೆ ಬಿಟ್ಟುಕೊಡುತ್ತದೆ. ಅದರ ಮೇಲೆ ನಿಂತ ಪಾಯ ಸುಲಭವಾಗಿ ಕದಲದು. ನಗರದಿಂದ ಭಾಲ್ಕಿಯ ಕಡೆಗೆ, ರೈಲುಹಾದಿಯಲ್ಲಿ ಸಿಗುವ ಹಲಬರ್ಗಾದ ಸುತ್ತಮುತ್ತ, ಅತ್ತ ಔರಾದಿನ ಬಯಲುಗಳಲ್ಲಿ ನೋಡಿದರೆ ಬಹುಪಾಲು ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲಕ್ಕೆ ಬಾಯಿಬಿಡುವ ಮಣ್ಣು ಅದು. ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಖನಿಜ ನೀರು ಹೀರಿ ಹಿಗ್ಗುವುದು ಇದಕ್ಕೆ ಕಾರಣ. ಜೋಳಕ್ಕೂ ತೊಗರಿಗೂ ಒಳ್ಳೆಯದಾದ ಈ ಗುಣ ಮನೆ ಕಟ್ಟುವವರಿಗೆ ತಲೆನೋವು. ಪಾಯದೊಳಗಿನ ಕರಿಮಣ್ಣನ್ನು ತೆಗೆದು ಮುರುಮ್ ತುಂಬಿ ನೀರು ಹೊಡೆದು ಬಡಿಯದಿದ್ದರೆ, ಎಷ್ಟೇ ಬೆಲೆಯ ಕಲ್ಲು ಹಾಸಿದರೂ ಕೆಲವು ಮಳೆಗಾಲ ಕಳೆಯುವುದರಲ್ಲಿ ಅದು ಬಿರಿಯುತ್ತದೆ, ಇಲ್ಲವೆ ಅಡಿಯಲ್ಲಿ ಟೊಳ್ಳಾಗುತ್ತದೆ.

ಇಲ್ಲಿಯ ಹಳೆಯ ಮಾಳಿಗೆ ಮನೆಗಳ ಮಣ್ಣಿನ ನೆಲ ಈ ತೊಂದರೆಗೆ ತಾನೇ ಉತ್ತರವಾಗಿತ್ತು. ಮುರುಮ್ ಹರವಿ, ದಿಮ್ಮಸು ಬಡಿದು, ಹೆಂಡಿಯಿಂದ ಸಾರಿಸಿದ ನೆಲ ಬಿರುಕು ಬಿಟ್ಟರೆ ಮುಂದಿನ ಸಾರಿ ಸಾರಿಸುವಾಗ ಮುಚ್ಚಿಹೋಗುತ್ತಿತ್ತು. ಖರ್ಚು ಇರಲಿಲ್ಲ. ಆದರೆ ಆ ದುರಸ್ತಿಯೆಲ್ಲ ಹೆಂಗಸರ ಸೊಂಟದ ಮೇಲೆ ನಡೆಯುತ್ತಿತ್ತು ಎಂಬುದನ್ನು ಮಣ್ಣಿನ ನೆಲವನ್ನು ಹೊಗಳುವವರು ಸಾಮಾನ್ಯವಾಗಿ ಬರೆಯುವುದಿಲ್ಲ.

ಶ್ರೀಮಂತರ ವಾಡೆಗಳಲ್ಲಿ, ಗುಡಿ ಮಸೀದಿ ಮಠಗಳಲ್ಲಿ ಗಚ್ಚಿನ ನೆಲ ಮತ್ತು ಕಲ್ಲುಹಾಸು ಇದ್ದವು. ಬಹಮನಿ ಸುಲ್ತಾನರು 15ನೆಯ ಶತಮಾನದ ಮೊದಲರ್ಧದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದ ಮೇಲೆ ಇರಾನಿನ ಮಾದರಿಯ ಗಾಜುಲೇಪದ ಬಿಲ್ಲೆಗಳ ಕೆಲಸ ಇಲ್ಲಿ ಬೆಳೆಯಿತು. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾದ ಮುಂಭಾಗದಲ್ಲಿ ಆ ನೀಲಿ, ಹಳದಿ, ಬಿಳಿ ಬಿಲ್ಲೆಗಳ ಒಂದಷ್ಟು ಭಾಗ ಇಂದಿಗೂ ಉಳಿದಿದೆ. ಅಲಿ ಬರೀದನ ಕಾಲದ ರಂಗೀನ್ ಮಹಲಿನಲ್ಲಿ ಬಿಲ್ಲೆಗಳ ಜೊತೆಗೆ ಕರಿಕಲ್ಲಿನಲ್ಲಿ ಮುತ್ತಿನಚಿಪ್ಪು ಕೂರಿಸಿದ ಕುಸುರಿಯೂ ಇದೆ. ಹೆಸರಾದ ಈ ಬಿಲ್ಲೆಗೆಲಸವೆಲ್ಲ ಗೋಡೆಯ ಶೃಂಗಾರ. ಬೀದರಿನ ಸಾಮಾನ್ಯ ಮನೆಯ ಕಾಲಡಿಗೆ ಬಂದದ್ದು ಬೇರೆಯೇ ಕಲ್ಲು.

ಫರಸಿ

ಆ ಕಲ್ಲು ಶಹಾಬಾದಿನದು. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಭಾಗಗಳಲ್ಲಿ, ತೆಲಂಗಾಣದ ತಾಂಡೂರಿನಲ್ಲಿ ನೆಲದಡಿ ಪದರುಪದರಾಗಿ ಸುಣ್ಣಕಲ್ಲು ಇದೆ. ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಕೆಸರು ಗಟ್ಟಿಯಾದದ್ದು ಅದು. ಭೂವಿಜ್ಞಾನಿಗಳು ಈ ಶಿಲಾಸಮೂಹವನ್ನು ಭೀಮಾ ಗುಂಪು ಎನ್ನುತ್ತಾರೆ. ಪದರುಗಳು ಚಪ್ಪಟೆಯಾಗಿರುವುದರಿಂದ ಸುತ್ತಿಗೆ ಉಳಿಯಲ್ಲೇ ಹಲಗೆಗಳಾಗಿ ಬಿಡಿಸಬಹುದು. ಇದೇ ಸುಣ್ಣಕಲ್ಲನ್ನು ನಂಬಿ ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಎದ್ದವು. ಹಲಗೆಗಳಾಗಿ ಬಂದ ಕಲ್ಲನ್ನು ಜನ ಫರಸಿ ಎಂದು ಕರೆದರು. ತಾಂಡೂರು ವಿಕಾರಾಬಾದ್–ವಾಡಿ ರೈಲುಮಾರ್ಗದಲ್ಲಿದೆ, ಬೀದರ್, ಹಲಬರ್ಗಾ, ಭಾಲ್ಕಿ ವಿಕಾರಾಬಾದ್–ಪರಳಿ ಮಾರ್ಗದಲ್ಲಿವೆ. ಕಲ್ಲಿನ ನಾಡು ಹತ್ತಿರ, ಸಾಗಣೆ ಸುಲಭ. ಇನ್ನೊಂದು ಕಲ್ಲನ್ನು ಹುಡುಕಿಕೊಂಡು ಹೋಗುವ ಅಗತ್ಯ ಈ ಸೀಮೆಗೆ ಬಹುಕಾಲ ಬೀಳಲಿಲ್ಲ.

ಫರಸಿಯ ಗುಣ ಬೇಸಿಗೆಯಲ್ಲಿ ತಿಳಿಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆಯನ್ನೂ ಹಾಸದೆ ಬರಿ ಕಲ್ಲಿನ ಮೇಲೆ ಮಲಗುವ ಸುಖ ಬೇರೆ ಯಾವ ನೆಲ ಕೊಡುತ್ತದೆ? ಕಲ್ಲು ಮೈಯ ಬಿಸಿಯನ್ನು ಬೇಗ ಎಳೆದುಕೊಂಡು ಕೆಳಗಿನ ಮಣ್ಣಿಗೆ ದಾಟಿಸುತ್ತದೆ. ವರ್ಷಗಟ್ಟಲೆ ತುಳಿದಷ್ಟೂ ನುಣುಪಾಗುತ್ತದೆ. ನೀರು ಸುರಿದು ಕಸಬರಿಗೆಯಲ್ಲಿ ಉಜ್ಜಿ ತೊಳೆದರೂ ಜಗ್ಗದು. ಒಡೆದದ್ದನ್ನು ಎತ್ತಿ ಬೇರೊಂದು ಕೂರಿಸಬಹುದು.

ಕೊರತೆಗಳೂ ಇವೆ. ಸುಣ್ಣಕಲ್ಲು ಹುಳಿಗೆ ಸೋಲುತ್ತದೆ. ನಿಂಬೆರಸ, ಹುಣಿಸೆ ನೀರು, ಬಚ್ಚಲು ತಿಕ್ಕುವ ಆಸಿಡ್ ಬಿದ್ದ ಕಡೆ ಹೊಳಪು ಹೋಗಿ ಬಿಳಿಚುತ್ತದೆ. ಕೈಯಿಂದ ಬಿಡಿಸಿದ ಹಲಗೆಗಳ ದಪ್ಪ ಒಂದೇ ಸಮ ಇರುವುದಿಲ್ಲ, ಸಂದುಗಳಲ್ಲಿ ಧೂಳು ಕೂರುತ್ತದೆ. ಇನ್ನು ಡಿಸೆಂಬರ್ ಜನವರಿಯಲ್ಲಿ ಅದೇ ತಂಪು ಮುದುಕರ ಮೊಣಕಾಲಿಗೆ ಶಿಕ್ಷೆ. ರಾಜ್ಯದಲ್ಲಿ ಚಳಿ ಹೆಚ್ಚಿದ ದಿನಗಳ ವರದಿಗಳಲ್ಲಿ ಬೀದರಿನ ಹೆಸರು ಮೇಲ್ಸಾಲಿನಲ್ಲಿ ಆಗಾಗ ಬರುತ್ತದೆ.

ಫರಸಿಯ ನಂತರ ಮೊಸಾಯಿಕ್ ಬಂತು, ರೆಡ್ ಆಕ್ಸೈಡ್ ಬಂತು, ಕಡಪದ ಕರಿಕಲ್ಲು ಅಡಿಗೆಮನೆಯ ಕಟ್ಟೆ ಏರಿತು. ಆಮೇಲೆ ಗುಜರಾತಿನ ಮೋರ್ಬಿಯಿಂದ ಲಾರಿಗಳಲ್ಲಿ ಬಂದ ವಿಟ್ರಿಫೈಡ್ ಟೈಲ್ಸ್ ಇವೆಲ್ಲವನ್ನೂ ಹಿಂದಕ್ಕೆ ತಳ್ಳಿತು. ಇಂದು ಹೊಸ ಸ್ಲ್ಯಾಬ್ ಮನೆಯ ಒಡೆಯ ಮೊದಲು ಕೇಳುವುದು ಅದನ್ನೇ. ಕನ್ನಡಿಯಂತೆ ಹೊಳೆಯುತ್ತದೆ, ಕಲೆ ಹತ್ತುವುದಿಲ್ಲ. ಒದ್ದೆಯಾದರೆ ಜಾರುತ್ತದೆ ಎಂಬುದು ಅಂಗಡಿಯಲ್ಲಿ ನೆನಪಾಗುವುದಿಲ್ಲ.

ವಿನೈಲ್ ಹಾಸಿನ ಹುಟ್ಟು

ಕಾಲಿಗೆ ಮೆತ್ತಗೆ ಹತ್ತುವ, ಕಾರ್ಖಾನೆಯಲ್ಲಿ ತಯಾರಾದ ನೆಲಹಾಸು ಮೊದಲು ಹೆಸರು ಮಾಡಿದ್ದು ಇಂಗ್ಲೆಂಡಿನಲ್ಲಿ. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯನ್ನು ಗಟ್ಟಿ ಮಾಡಿ ಲಿನೋಲಿಯಂ ತಯಾರಿಸಿದ. ಪಿವಿಸಿಯನ್ನು ಮೆದುವಾಗಿಸುವ ದಾರಿ ಸಿಕ್ಕಿದ್ದು 1926ರಲ್ಲಿ, ಅಮೆರಿಕದ ಗುಡ್‌ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೋ ಸೆಮನ್‌ಗೆ. 1933ರ ಷಿಕಾಗೊ ವಸ್ತುಪ್ರದರ್ಶನದಲ್ಲಿ ವಿನೈಲ್ ಬಿಲ್ಲೆಗಳನ್ನು ಜನ ಕಂಡರು. ಎರಡನೆಯ ಮಹಾಯುದ್ಧದ ನಂತರ ಅವು ಮನೆಮನೆಗೆ ನುಗ್ಗಿದವು. ಆ ಕಾಲದ ಅಗ್ಗದ ಬಿಲ್ಲೆಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು. ಅದು ಶ್ವಾಸಕೋಶಕ್ಕೆ ಮಾರಕ ಎಂದು ಸಾಬೀತಾದ ಮೇಲೆ 1980ರ ದಶಕದ ಹೊತ್ತಿಗೆ ಆ ಪದ್ಧತಿ ನಿಂತಿತು. 1990ರ ದಶಕದಲ್ಲಿ ಸ್ವೀಡನ್ ಮತ್ತು ಬೆಲ್ಜಿಯಂನ ಕಂಪನಿಗಳು ಲ್ಯಾಮಿನೇಟ್ ಹಲಗೆಗಳಿಗಾಗಿ ರೂಪಿಸಿದ, ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಬೀಗದಂಚು ಮುಂದೆ ವಿನೈಲಿಗೂ ಬಂತು. ಭಾರತದಲ್ಲಿ ಮಹಾರಾಷ್ಟ್ರದ ಬೋಯಿಸರ್‌ನ ರೆಸ್ಪಾನ್ಸಿವ್ ಇಂಡಸ್ಟ್ರೀಸ್‌ನಂಥ ಕಂಪನಿಗಳು ವಿನೈಲ್ ನೆಲಹಾಸು ತಯಾರಿಸುತ್ತವೆ. ಆಮದು ಮಾಲೂ ಸಾಕಷ್ಟು ಬರುತ್ತದೆ.

ಇಂದು ಸಿಗುವ ಬಿಲ್ಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು 2–3 ಮಿ.ಮೀ. ದಪ್ಪದ, ಬಾಗುವ, ಅಂಟಿನಿಂದ ಕೂರಿಸುವಂಥದ್ದು. ಇನ್ನೊಂದು 4ರಿಂದ 8 ಮಿ.ಮೀ. ದಪ್ಪದ ಬಿಗಿಯಾದ ಹಲಗೆ. ಎಸ್‌ಪಿಸಿ ಎಂದು ಕರೆಯುವ ಇದರ ನಡುಪದರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸುಣ್ಣಕಲ್ಲಿನ ಪುಡಿ, ಉಳಿದದ್ದು ಪಿವಿಸಿ. ಫರಸಿ ಬೇಡವೆಂದು ವಿನೈಲ್ ಹಾಕಿಸಿಕೊಂಡವನೂ ಕೊನೆಗೆ ಸುಣ್ಣಕಲ್ಲಿನ ಮೇಲೆಯೇ ನಡೆದಾಡುತ್ತಾನೆ, ಪುಡಿಯ ರೂಪದಲ್ಲಿ.

ಉಪಯೋಗಗಳು

ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಚಂದವಲ್ಲ. ಇರುವ ನೆಲವನ್ನು ಒಡೆಯದೆ ಅದರ ಮೇಲೆಯೇ ಹಾಸಬಹುದು ಎಂಬುದು. ಹಳೆಯ ಮೊಸಾಯಿಕ್ ಅಥವಾ ಟೈಲ್ಸ್ ನೆಲ ಬದಲಿಸುವುದೆಂದರೆ ಮನೆಮಂದಿ ಸಾಮಾನು ಸಮೇತ ಬೇರೆಡೆ ಹೋಗಬೇಕು. ಗೌಂಡಿ ಬಂದು ಒಡೆಯುವ ಧೂಳು, ಹೊರಗೆ ಹೊತ್ತು ಹಾಕುವ ರಾಡಿ, ಹೊಸ ಸಿಮೆಂಟಿಗೆ ನೀರುಣಿಸುವ ದಿನಗಳು, ಎಲ್ಲ ಸೇರಿ ವಾರಗಟ್ಟಲೆ ಕೆಲಸ. ಬೀಗದಂಚಿನ ವಿನೈಲ್ ಆದರೆ ಸಾಧಾರಣ ಕೋಣೆಯೊಂದು ದಿನದೊಳಗೆ ಮುಗಿದು, ಅಂದೇ ಮಂಚ ಒಳಗೆ ಬರುತ್ತದೆ. ನೆಲ ಏರುವುದು ಅರ್ಧ ಸೆಂಟಿಮೀಟರಿನಷ್ಟು. ಬಾಗಿಲ ತಳವನ್ನು ತುಸು ಹೆರೆದರೆ ಸಾಕು, ಎಷ್ಟೋ ಕಡೆ ಅದೂ ಬೇಕಿಲ್ಲ. ಬಾಡಿಗೆಯ ಅಂಗಡಿ, ದವಾಖಾನೆ, ಟ್ಯೂಷನ್ ಕೋಣೆ ನಡೆಸುವವರು ಜಾಗ ಬಿಡುವಾಗ ಹಲಗೆ ಬಿಚ್ಚಿಕೊಂಡು ಹೋಗಲೂಬಹುದು.

ಎರಡನೆಯದು ತೂಕ. 25 ಮಿ.ಮೀ. ಫರಸಿಯನ್ನು 40 ಮಿ.ಮೀ. ಗಿಲಾವಿನ ಮೇಲೆ ಕೂರಿಸಿದರೆ ಚದರ ಮೀಟರಿಗೆ ಸುಮಾರು 150 ಕಿಲೊ ಭಾರ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಅದು ಒಂದೂವರೆ ಟನ್ನನ್ನೂ ಮೀರುತ್ತದೆ. ಅದೇ ಕೋಣೆಗೆ 5 ಮಿ.ಮೀ. ಎಸ್‌ಪಿಸಿ ಹಾಸಿದರೆ ಒಂದು ಕ್ವಿಂಟಲಿಗಿಂತ ತುಸು ಹೆಚ್ಚು. ನೆಲಮಹಡಿಯಲ್ಲಿ ಈ ಲೆಕ್ಕಕ್ಕೆ ಅರ್ಥವಿಲ್ಲ, ಭಾರ ಹೊರುವುದು ಭೂಮಿ. ಹಳೆಯ ಸ್ಲ್ಯಾಬಿನ ಮೇಲೆ ಇನ್ನೊಂದು ಮಹಡಿ ಎಬ್ಬಿಸುವಾಗ ಅರ್ಥವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಜನರನ್ನು ಕೊಂದದ್ದು ಮುಖ್ಯವಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಅವುಗಳ ಮೇಲಿನ ಭಾರದ ಮಾಳಿಗೆಗಳು. ಮನೆಯ ಮೇಲ್ಭಾಗದಲ್ಲಿ ತೂಕ ಕಡಿಮೆ ಇದ್ದಷ್ಟೂ ಒಳ್ಳೆಯದೆಂಬ ಪಾಠವನ್ನು ಗಡಿಯ ಈಚೆಗಿನ ಭಾಲ್ಕಿ, ಔರಾದಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಕಾಲಿನ ಅನುಭವ. ಪ್ಲಾಸ್ಟಿಕ್ ಕಲ್ಲಿನಷ್ಟು ವೇಗವಾಗಿ ಬಿಸಿ ಎಳೆಯುವುದಿಲ್ಲ. ಹೀಗಾಗಿ ಚಳಿಗಾಲದ ಬೆಳಗ್ಗೆ ಹಾಸಿಗೆಯಿಂದ ಇಳಿದ ಕಾಲು ಬೆಚ್ಚಿಬೀಳುವುದಿಲ್ಲ. ನಿಂತು ಕೆಲಸ ಮಾಡುವವರ ಹಿಮ್ಮಡಿಗೆ, ಅಂಬೆಗಾಲಿಡುವ ಮಕ್ಕಳ ಮಂಡಿಗೆ ಇದು ಹಿತ. ಸ್ಟೀಲ್ ತಟ್ಟೆ ಬಿದ್ದರೆ ಮನೆಯೆಲ್ಲ ಮೊಳಗುವುದಿಲ್ಲ. ಮೇಲ್ಮಹಡಿಯ ಮಕ್ಕಳ ಓಡಾಟ ಕೆಳಗಿನ ಬಾಡಿಗೆದಾರರ ನಿದ್ದೆಗೆಡಿಸುವುದೂ ಕಡಿಮೆಯಾಗುತ್ತದೆ. ಅಡಿಯಲ್ಲಿ ಒಂದೆರಡು ಮಿಲಿಮೀಟರ್ ಫೋಮಿನ ಹಾಳೆ ಇದ್ದರೆ ಈ ಗುಣ ಇನ್ನಷ್ಟು.

ಜಾರದಿರುವಿಕೆಯನ್ನು ಬೇರೆಯಾಗಿಯೇ ಹೇಳಬೇಕು. ವಯಸ್ಸಾದವರು ಮನೆಯಲ್ಲೇ ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದು ಎಲ್ಲ ಊರಿನ ಕತೆ. ಪಾಲಿಶ್ ಹೊಳಪಿನ ವಿಟ್ರಿಫೈಡ್ ಟೈಲ್ಸ್ ಮೇಲೆ ಚೆಲ್ಲಿದ ನೀರು ಕಣ್ಣಿಗೆ ಬೀಳುವುದಿಲ್ಲ, ಕಾಲಿಗೆ ಸಿಗುತ್ತದೆ. ಮರದ ಗೆರೆಗಳನ್ನು ಮೇಲ್ಮೈಯಲ್ಲೇ ಒತ್ತಿ ತರಿತರಿ ಮಾಡಿದ ವಿನೈಲ್ ಹಲಗೆಯ ಮೇಲೆ ಪಾದಕ್ಕೆ ಹಿಡಿತ ಹೆಚ್ಚು. ಪೆಟ್ಟಿಗೆಯ ಮೇಲೆ ಆರ್9, ಆರ್10 ಎಂದು ಅಚ್ಚಾಗಿರುವುದು ಈ ಹಿಡಿತದ ಅಳತೆ, ಅಂಕಿ ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಕೋಣೆಯಿಂದಲೇ ಕೆಲಸ ಶುರುಮಾಡುವುದು ವಿವೇಕ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ನೆಲದಲ್ಲಿ ಕೂದಲೆಳೆ ಬಿರುಕು ಬಂದರೆ, ಅಂಟಿಲ್ಲದೆ ಹಾಸಿದ ಹಲಗೆಗಳು ಅದನ್ನು ಮೇಲಕ್ಕೆ ಬರಗೊಡುವುದಿಲ್ಲ. ಎರೆಭೂಮಿಯ ಮನೆಗಳಿಗೆ ಇದು ನಿಜವಾದ ಅನುಕೂಲ. ಮರದ ಹಲಗೆಗೆ ಗೆದ್ದಲು ಹತ್ತುತ್ತದೆ, ಮಳೆಗಾಲದಲ್ಲಿ ಅದು ಉಬ್ಬುತ್ತದೆ. ವಿನೈಲ್ ತೇಗದ ಚಂದ ಕೊಟ್ಟು ಎರಡೂ ಕಾಟ ತಪ್ಪಿಸುತ್ತದೆ. ಟೈಲ್ಸ್ ಸಂದಿನ ಬಿಳಿ ಸಿಮೆಂಟ್ ಎಣ್ಣೆ ಕುಡಿದು ಕಪ್ಪಾಗುವ ತೊಂದರೆ ಇಲ್ಲ. ಹುಣಿಸೆ ನೀರು ಚೆಲ್ಲಿದರೆ ಒದ್ದೆ ಬಟ್ಟೆ ಸಾಕು. ಬೆಲೆ ಸಾಮಾನ್ಯವಾಗಿ ಫರಸಿಗಿಂತ ಹೆಚ್ಚು, ಅಪ್ಪಟ ಮರದ ನೆಲಕ್ಕಿಂತ ಬಹಳ ಕಡಿಮೆ.

ಮಿತಿಗಳು

ನೀರಿಗೆ ಜಗ್ಗದು ಎಂಬ ಮಾತಿನಿಂದ ಹೆಚ್ಚಿನವರು ಮೋಸಹೋಗುತ್ತಾರೆ. ಹಲಗೆ ನೀರಿಗೆ ಜಗ್ಗದು, ನಿಜ. ಆದರೆ ಹಬ್ಬದ ಮುನ್ನಾದಿನ ಕೊಡಗಟ್ಟಲೆ ನೀರು ಸುರಿದು ಮನೆ ತೊಳೆಯುವ ಪದ್ಧತಿ ಈ ಸೀಮೆಯದು. ಆ ನೀರು ಗೋಡೆಯಂಚಿನ ಸಂದಿನಿಂದ ಅಡಿಗೆ ಇಳಿದರೆ ಹೊರಬರಲು ದಾರಿ ಇಲ್ಲ. ತಿಂಗಳು ಕಳೆದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ವಿನೈಲ್ ಹಾಕಿದ ಕೋಣೆಯನ್ನು ಒರೆಸಬೇಕು, ತೊಳೆಯಬಾರದು. ಈ ಅಭ್ಯಾಸಕ್ಕೆ ಒಪ್ಪದ ಮನೆ ವಿನೈಲ್ ಹಾಕಿಸದಿರುವುದೇ ಲೇಸು. ಅಡಿಗೆಮನೆ, ಬಚ್ಚಲು, ಪಾತ್ರೆ ತೊಳೆಯುವ ಹಿತ್ತಿಲ ಕಟ್ಟೆ ಕಲ್ಲಿಗೇ ಸೇರಿದ್ದು.

ಬೆಂಕಿ ಎರಡನೆಯ ಶತ್ರು. ರೊಟ್ಟಿ ಬೇಯಿಸಿ ಇಳಿಸಿದ ಹಂಚನ್ನು ನೆಲಕ್ಕಿಡುವುದು, ಲೋಬಾನದ ಕೆಂಡವನ್ನು ಕೋಣೆಕೋಣೆಗೆ ಒಯ್ಯುವುದು, ದೀಪಾವಳಿಗೆ ಸಾಲಾಗಿ ಪಣತಿ ಹಚ್ಚುವುದು ಇಲ್ಲಿಯ ಮನೆಗಳ ನಿತ್ಯದ ಮತ್ತು ಹಬ್ಬದ ಕ್ರಮ. ಒಂದು ಕಿಡಿ ಬಿದ್ದರೂ ವಿನೈಲಿನ ಮೇಲೆ ಕರಗಿದ ಗುರುತು ಶಾಶ್ವತ. ಪಿವಿಸಿ ತಾನಾಗಿ ಸುಲಭವಾಗಿ ಉರಿಯದು. ಆದರೆ ಮನೆಗೆ ಬೆಂಕಿ ಬಿದ್ದಾಗ ಅದು ಬಿಡುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಕಣ್ಣು ಗಂಟಲನ್ನು ಸುಡುತ್ತದೆ. ದೇವರಮನೆಗೆ ಫರಸಿ, ಒಲೆಯ ಮುಂದೆ ಫರಸಿ, ಇದರಲ್ಲಿ ಚರ್ಚೆ ಬೇಡ.

ಮೂರನೆಯದು ಬಿಸಿಲು. ಪಡುವಣ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಹಲಗೆ ಹಿಗ್ಗುತ್ತದೆ. ಹಿಗ್ಗಲು ಅಂಚಿನಲ್ಲಿ ಜಾಗವಿಲ್ಲದಿದ್ದರೆ ನಡುವೆ ಕಮಾನಿನಂತೆ ಏಳುತ್ತದೆ. ವರ್ಷಗಳಲ್ಲಿ ಬಣ್ಣವೂ ಮಾಸುತ್ತದೆ. ಪತ್ರಾ ಮಾಡಿನ ಕೋಣೆ, ಮೇಲ್ಮಾಡಿಲ್ಲದ ಅಂಗಳ, ಹೊರಗಿನ ಜಗಲಿಗೆ ಇದನ್ನು ಹಾಸುವುದು ದುಡ್ಡು ಸುಟ್ಟಂತೆ. ಬೇಸಿಗೆಯ ಮಧ್ಯಾಹ್ನ ಬರಿ ನೆಲದ ಮೇಲೆ ಮಲಗುವ ಸುಖವನ್ನೂ ವಿನೈಲ್ ಕೊಡಲಾರದು. ಚಳಿಗಾಲದ ಲಾಭಕ್ಕೆ ತೆರುವ ಬೆಲೆ ಅದು.

ಸಣ್ಣಪುಟ್ಟ ಕಾಟಗಳೂ ಇವೆ. ಮದುವೆಮನೆಯ ಮೆಹಂದಿ, ತಲೆಗೆ ಹಚ್ಚುವ ಬಣ್ಣ, ಅರಿಸಿನ ಬಿದ್ದು ಕೂಡಲೆ ಒರೆಸದಿದ್ದರೆ ಕಲೆ ನಿಲ್ಲುತ್ತದೆ. ರಬ್ಬರ್ ತಳದ ಕಾಲೊರೆಸು ಬಹುದಿನ ಒಂದೇ ಕಡೆ ಇದ್ದರೆ ಅಡಿಯಲ್ಲಿ ಹಳದಿ ಗುರುತು ಮೂಡುತ್ತದೆ, ಅದು ತೊಳೆದರೆ ಹೋಗುವಂಥದ್ದಲ್ಲ. ಕಬ್ಬಿಣದ ಪಲಂಗದ ಕಾಲು, ಕಾಳು ತುಂಬಿದ ಕಣಜದ ಡಬ್ಬಿ ತೆಳ್ಳನೆಯ ಹಾಸಿನಲ್ಲಿ ಕುಳಿ ಮಾಡುತ್ತವೆ. ಕಲ್ಲನ್ನು ಉಜ್ಜಿ ಮತ್ತೆ ಹೊಳಪು ತರಬಹುದು. ವಿನೈಲಿನ ಮೇಲ್ಪದರ ಸವೆದರೆ ಚಿತ್ರ ಹೋಯಿತು, ಹಲಗೆಯನ್ನೇ ಬದಲಿಸಬೇಕು.

ಆರೋಗ್ಯದ ಪ್ರಶ್ನೆಗೂ ಉತ್ತರ ಬೇಕು. ಪಿವಿಸಿಯನ್ನು ಮೆದುವಾಗಿಸಲು ಬಳಸುತ್ತಿದ್ದ ಥ್ಯಾಲೇಟ್ ರಾಸಾಯನಿಕಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸ ಕೆಡಿಸುತ್ತವೆ. ಐರೋಪ್ಯ ಒಕ್ಕೂಟ ಅಂಥ ನಾಲ್ಕನ್ನು ಮನೆಬಳಕೆಯ ವಸ್ತುಗಳಲ್ಲಿ 2020ರ ಜುಲೈಯಿಂದ ಕಟ್ಟುನಿಟ್ಟಾಗಿ ಮಿತಿಗೊಳಿಸಿದೆ. ಬಿಗಿ ಹಲಗೆಯಲ್ಲಿ ಮೆದುಕಾರಕದ ಅಗತ್ಯ ಕಡಿಮೆ, ಬಾಗುವ ಸುರುಳಿ ಮ್ಯಾಟಿನಲ್ಲಿ ಹೆಚ್ಚು. ಅಗ್ಗದ ಮ್ಯಾಟು ಬಿಚ್ಚಿದಾಗ ಮೂಗಿಗೆ ಬಡಿಯುವ ಘಾಟು ಎಚ್ಚರಿಕೆಯ ಗುರುತು. ಥ್ಯಾಲೇಟ್ ಇಲ್ಲ ಎಂಬ ಬರಹ, ಗಾಳಿಗೆ ಬಿಡುವ ಆವಿ ಕಡಿಮೆ ಎಂದು ಸೂಚಿಸುವ ಫ್ಲೋರ್‌ಸ್ಕೋರ್‌ನಂಥ ಮುದ್ರೆ ಇವೆಯೇ ಎಂದು ನೋಡಿ ಕೊಳ್ಳಬೇಕು, ಮುಖ್ಯವಾಗಿ ಮಕ್ಕಳ ಕೋಣೆಗೆ.

ಹಾಸುವ ಕ್ರಮ

ವಿನೈಲ್ ಕೆಟ್ಟಿತು ಎಂಬ ದೂರುಗಳಲ್ಲಿ ಬಹುಪಾಲು ನಿಜದಲ್ಲಿ ಅದರ ಅಡಿಯ ನೆಲದ ದೂರು. ನೆಲ ಮಟ್ಟಸವಾಗಿರಬೇಕು. ಹತ್ತು ಅಡಿ ಉದ್ದದ ನೇರ ಪಟ್ಟಿ ಇಟ್ಟು ನೋಡಿದರೆ ನಡುವೆ ಮೂರ್ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ತಗ್ಗು ಕಾಣಬಾರದು. ಕೈಯಿಂದ ಬಿಡಿಸಿದ ಹಳೆಯ ಫರಸಿ ಈ ಪರೀಕ್ಷೆಯಲ್ಲಿ ಗೆಲ್ಲುವುದು ಅಪರೂಪ. ಅದರ ಮೇಲೆ ತಾನಾಗಿ ಹರಿದು ಮಟ್ಟಗೊಳ್ಳುವ ಸಿಮೆಂಟ್ ಗಾರೆಯ ಪದರ ಎರೆಯಬೇಕಾಗುತ್ತದೆ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ ಒಂದು ತಿಂಗಳು ಒಣಗಬೇಕು, ದಪ್ಪ ಹೆಚ್ಚಿದ್ದರೆ ಇನ್ನೂ ಹೆಚ್ಚು.

ತೇವದ ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಒಳಗಡೆ ಹನಿ ಕಂಡರೆ, ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಅಡಿಯಿಂದ ತೇವ ಏರುತ್ತಿದೆ ಎಂದರ್ಥ. ಎರೆಭೂಮಿಯ ನೆಲಮಹಡಿಯಲ್ಲಿ ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಬೇಕು. ಮೇ ತಿಂಗಳಲ್ಲಿ ಮಾಡಿದರೆ ಎಲ್ಲ ನೆಲವೂ ಒಣಗಿಯೇ ಇರುತ್ತದೆ. ತೇವ ಇರುವ ಕಡೆ ಅಂಟಿನ ಬಗೆ ಬೇಡ. ದಪ್ಪ ಪಾಲಿಥಿನ್ ಹಾಸಿ ಬೀಗದಂಚಿನ ಹಲಗೆ ಹಾಕಬಹುದು, ಅದೂ ತೇವ ಅಲ್ಪವಿದ್ದರೆ ಮಾತ್ರ. ಸವಳು ಏರಿ ಗೋಡೆ ಉದುರುತ್ತಿರುವ ಮನೆ ಮೊದಲು ಗೋಡೆಯನ್ನು ನೋಡಿಕೊಳ್ಳಲಿ. ಹಾಗೆಯೇ ಪಾಯ ಕುಸಿದು ನೆಲದ ಒಂದು ಭಾಗವೇ ತಗ್ಗಿಗಿಳಿದಿದ್ದರೆ ಯಾವ ಹಾಸೂ ಅದನ್ನು ಮುಚ್ಚದು. ಕೂದಲೆಳೆ ಬಿರುಕಿಗೂ ಕುಸಿತಕ್ಕೂ ವ್ಯತ್ಯಾಸವಿದೆ.

ಹಲಗೆಯ ಪೆಟ್ಟಿಗೆಗಳನ್ನು ಹಾಸುವ ಕೋಣೆಯಲ್ಲೇ ಎರಡು ದಿನ ಇಟ್ಟು ಅಲ್ಲಿಯ ಶಾಖಕ್ಕೆ ಹೊಂದಿಸಬೇಕು. ಗೋಡೆಯ ಸುತ್ತ 6ರಿಂದ 10 ಮಿ.ಮೀ. ಸಂದು ಬಿಟ್ಟು ಅದನ್ನು ಪಟ್ಟಿಯಿಂದ ಮುಚ್ಚುತ್ತಾರೆ. ಅಂಟಿಲ್ಲದ ನೆಲದ ಮೇಲೆ ಭಾರಿ ಅಲಮಾರಿಗಳನ್ನು ಎದುರುಬದುರು ಇಟ್ಟರೆ ಹಲಗೆಗಳು ಸಿಕ್ಕಿಬಿದ್ದು ಹಿಗ್ಗಲಾರದೆ ಬಿರಿಯುತ್ತವೆ. ಅಲಮಾರಿಯನ್ನು ಮೊದಲೇ ಗೋಡೆಗೆ ಕೂರಿಸಿ, ಅದರ ಮುಂದಿನವರೆಗೆ ಹಾಸುವುದು ಮೇಲು. ಸಿಮೆಂಟಿನಲ್ಲಿ ಕೈಪಳಗಿದ ಗೌಂಡಿಗೆ ಈ ಕೆಲಸ ಹೊಸದು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ. ದೂರವಿದ್ದು, ದೊಡ್ಡ ಕೆಲಸಕ್ಕೆ ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಳ್ಳಬಹುದು. ಕರೆಸುವ ಖರ್ಚನ್ನೂ ಚದರಡಿ ಲೆಕ್ಕದೊಳಗೆ ಸೇರಿಸಿಯೇ ಫರಸಿಯ ಬೆಲೆಯೊಂದಿಗೆ ಹೋಲಿಸಬೇಕು.

ಆಯ್ಕೆ

ಒಟ್ಟಿನಲ್ಲಿ ವಿನೈಲ್ ಈ ಸೀಮೆಯ ಮನೆಗೆ ಎರಡನೆಯ ನೆಲವಾಗಿ ಹೊಂದುತ್ತದೆ, ಮೊದಲನೆಯ ನೆಲವಾಗಿ ಅಲ್ಲ. ಹೊಸ ಮನೆ ಕಟ್ಟುವವರು, ಮುಖ್ಯವಾಗಿ ನೆಲಮಹಡಿಯವರು, ನೂರು ಮೈಲಿಯೊಳಗೆ ಸಿಗುವ ಕಲ್ಲನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೋಗಲು ಕಾರಣ ಕಾಣುವುದಿಲ್ಲ. ಹಳೆಯ ನೆಲ ಕೆಟ್ಟ ಮೇಲ್ಮಹಡಿಯ ಮಲಗುವ ಕೋಣೆ, ಮುದುಕರ ಕೋಣೆ, ಓದುವ ಕೋಣೆ, ಬಾಡಿಗೆ ಅಂಗಡಿ ಇವಕ್ಕೆ ವಿನೈಲಿಗಿಂತ ಕಡಿಮೆ ಗದ್ದಲದ ಪರಿಹಾರ ಇಲ್ಲ.

ಕೊಳ್ಳುವಾಗ ಒಟ್ಟು ದಪ್ಪಕ್ಕಿಂತ ಮೇಲಿನ ಪಾರದರ್ಶಕ ಪದರದ ದಪ್ಪವನ್ನು ಕೇಳಬೇಕು. ಅಂಗಡಿಯವರು ಅದನ್ನು ವೇರ್ ಲೇಯರ್ ಎನ್ನುತ್ತಾರೆ. ಮಲಗುವ ಕೋಣೆಗೆ 0.3 ಮಿ.ಮೀ. ಸಾಕು, ಓಡಾಟ ಹೆಚ್ಚಿರುವ ಪಡಸಾಲೆಗೂ ಅಂಗಡಿಗೂ 0.5 ಮಿ.ಮೀ. ಬೇಕು. ಕಂಪನಿಗಳು ಚಿತ್ರಗಳನ್ನು ಬದಲಿಸುತ್ತಲೇ ಇರುತ್ತವೆ. ಇಂದು ಕೊಂಡ ಬಣ್ಣ ನಾಲ್ಕು ವರ್ಷದ ಮೇಲೆ ಸಿಗುವುದು ಅನುಮಾನ. ಆದ್ದರಿಂದ ಲೆಕ್ಕಕ್ಕಿಂತ ಒಂದು ಪೆಟ್ಟಿಗೆ ಹೆಚ್ಚು ಕೊಂಡು, ಬಿಸಿಲು ತಾಗದ ಕಡೆ ಮಲಗಿಸಿ ಇಟ್ಟುಕೊಳ್ಳಿ.